ಮಧ್ಯರಾತ್ರಿಯ ಎಣಿಕೆಗೆ ಸಿಗದ ದುಡಿಮೆ: ಅಲ್ಪಾವಧಿ ರೋಗಿಗಳು ಮತ್ತು ನರ್ಸ್‌ಗಳ ನಿಯೋಜನೆ

ವಾರ್ಡ್ ಒಂದಕ್ಕೆ ಎಷ್ಟು ನರ್ಸ್‌ಗಳು ಬೇಕೆಂಬುದು ಸಾಮಾನ್ಯವಾಗಿ ಹಾಸಿಗೆಗಳ ಸಂಖ್ಯೆ ಇಲ್ಲವೇ ಮಧ್ಯರಾತ್ರಿ ತೆಗೆಯುವ ರೋಗಿಗಳ ಲೆಕ್ಕದ ಮೇಲೆ ನಿರ್ಧಾರವಾಗುತ್ತದೆ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡವೂ ಇದೇ ಜಾಡಿನದು: ಬೋಧನಾ ಆಸ್ಪತ್ರೆಗಳ ಸಾಮಾನ್ಯ ವಾರ್ಡ್‌ನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಇತರ ಸಾಮಾನ್ಯ ಆಸ್ಪತ್ರೆಗಳಲ್ಲಿ ಐವರಿಗೆ ಒಬ್ಬರು. ರೋಗಿಗಳು ಒಂದೆರಡು ದಿನದಲ್ಲೇ ಬಂದುಹೋಗುವ ವಾರ್ಡ್‌ಗಳಲ್ಲಿ ಈ ಲೆಕ್ಕ ದುಡಿಮೆಯನ್ನು ಕಡಿಮೆ ತೋರಿಸುತ್ತದೆ ಎಂಬುದು ಈ ಲೇಖನದ ವಾದ.

ಉದಾಹರಣೆಗೆ, 30 ಹಾಸಿಗೆಗಳ ಶಸ್ತ್ರಚಿಕಿತ್ಸಾ ವಾರ್ಡ್‌ನಲ್ಲಿ ಮಧ್ಯರಾತ್ರಿ 24 ರೋಗಿಗಳಿದ್ದಾರೆ ಎಂದುಕೊಳ್ಳೋಣ. ಮರುದಿನ 10 ಮಂದಿ ಡಿಸ್ಚಾರ್ಜ್ ಆಗಿ, 10 ಮಂದಿ ಹೊಸದಾಗಿ ದಾಖಲಾದರೆ ರಾತ್ರಿಯ ಎಣಿಕೆ ಮತ್ತೆ 24. ಆರೈಕೆ ಪಡೆದವರು ಮಾತ್ರ 34. ಬೆಳಿಗ್ಗೆ ದಾಖಲಾಗಿ ಸಂಜೆ ಮನೆಗೆ ಹೋದವರು ಯಾವ ರಾತ್ರಿಯ ಲೆಕ್ಕಕ್ಕೂ ಸಿಗುವುದಿಲ್ಲ.

ಪ್ರತಿ ದಾಖಲಾತಿಗೂ ಕೈಪಟ್ಟಿ ಕಟ್ಟಬೇಕು, ಬಿ.ಪಿ., ನಾಡಿ, ಜ್ವರ ನೋಡಬೇಕು, ಅಲರ್ಜಿ ವಿಚಾರಿಸಬೇಕು, ಕ್ಯಾನುಲಾ ಹಾಕಬೇಕು, ಕೇಸ್ ಶೀಟ್ ತುಂಬಬೇಕು. ಡಿಸ್ಚಾರ್ಜ್ ವೇಳೆ ಮಾತ್ರೆಗಳ ಹೊತ್ತು, ಗಾಯದ ಆರೈಕೆಯನ್ನು ಮನೆಯವರಿಗೆ ವಿವರಿಸಬೇಕು. ವಾರವಿಡೀ ಇರುವ ರೋಗಿಯ ವಿಷಯದಲ್ಲಿ ಈ ಕೆಲಸ ಏಳು ದಿನಕ್ಕೆ ಹಂಚಿಹೋಗುತ್ತದೆ. ಅಲ್ಪಾವಧಿ ರೋಗಿಯದು ಒಂದೆರಡು ಪಾಳಿಗಳಲ್ಲೇ ಮುಗಿಯಬೇಕು. ಜೊತೆಗೆ, ಚೇತರಿಕೆಯ ಹಗುರ ದಿನಗಳನ್ನು ರೋಗಿ ಮನೆಯಲ್ಲೇ ಕಳೆಯುವುದರಿಂದ ವಾರ್ಡ್‌ಗೆ ಉಳಿಯುವುದು ಹೆಚ್ಚಿನ ನಿಗಾ ಬೇಡುವ ದಿನಗಳು ಮಾತ್ರ.

ಇದು ಕೇವಲ ಆಯಾಸದ ಪ್ರಶ್ನೆಯಲ್ಲ. ಅಮೆರಿಕದ ದೊಡ್ಡ ಬೋಧನಾ ಆಸ್ಪತ್ರೆಯೊಂದರ 43 ಘಟಕಗಳಲ್ಲಿ ಸುಮಾರು 1.98 ಲಕ್ಷ ದಾಖಲಾತಿಗಳನ್ನು ಪರಿಶೀಲಿಸಿ ಜ್ಯಾಕ್ ನೀಡಲ್‌ಮನ್ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನರ್ಸ್‌ಗಳ ಕೊರತೆಯಿದ್ದ ಪ್ರತಿ ಪಾಳಿಗೆ ಸಾವಿನ ಅಪಾಯ ಶೇ. 2ರಷ್ಟು, ರೋಗಿಗಳ ಬಂದುಹೋಗುವಿಕೆ ವಿಪರೀತವಿದ್ದ ಪ್ರತಿ ಪಾಳಿಗೆ ಶೇ. 4ರಷ್ಟು ಹೆಚ್ಚಿತ್ತು. ಒಂದೇ ಆಸ್ಪತ್ರೆಯ ಅವಲೋಕನವಾದ್ದರಿಂದ ಇದನ್ನು ಕಾರಣವೆನ್ನದೆ ಸಂಬಂಧವೆಂದಷ್ಟೇ ಓದಬೇಕು.

ನಮ್ಮ ಹೆರಿಗೆ ವಾರ್ಡ್‌ಗಳಲ್ಲಿ ಸಮಸ್ಯೆ ಇನ್ನೂ ಸ್ಪಷ್ಟ. ಸಹಜ ಹೆರಿಗೆಯ ಬಳಿಕ 48 ಗಂಟೆ ಆಸ್ಪತ್ರೆಯಲ್ಲಿರಬೇಕೆಂಬುದು ಸರ್ಕಾರಿ ಮಾರ್ಗಸೂಚಿ. ಅಷ್ಟರೊಳಗೆ ಬಾಣಂತಿಯ ರಕ್ತಸ್ರಾವದ ಮೇಲೆ ಕಣ್ಣಿಡಬೇಕು, ಹಾಲೂಡಿಸುವುದನ್ನು ಕಲಿಸಬೇಕು, ಮಗುವಿಗೆ ಬಿಸಿಜಿ, ಪೋಲಿಯೊ, ಹೆಪಟೈಟಿಸ್ ಬಿ ಲಸಿಕೆ ಹಾಕಬೇಕು. ಹಾಸಿಗೆ ಒಂದು, ಜೀವ ಎರಡು.

ಪರಿಹಾರಕ್ಕೆ ಹೊಸ ತಂತ್ರಜ್ಞಾನವೇ ಬೇಕೆಂದಿಲ್ಲ. ವಾರ್ಡಿನ ರಿಜಿಸ್ಟರ್‌ನಲ್ಲಿರುವ ದಾಖಲಾತಿ, ವರ್ಗಾವಣೆ, ಡಿಸ್ಚಾರ್ಜ್‌ಗಳನ್ನು ಪಾಳಿವಾರು ಎಣಿಸಿ, ಒತ್ತಡದ ಪಾಳಿಗೆ ಹೆಚ್ಚುವರಿ ನರ್ಸ್ ನಿಯೋಜಿಸಬಹುದು. ಹಾಸಿಗೆ ಬೇಗ ಖಾಲಿಯಾಗುವುದನ್ನು ಉಳಿತಾಯವೆಂದು ಬರೆದುಕೊಳ್ಳುವ ಆಡಳಿತ, ಅದಕ್ಕೆ ತಗಲಿದ ನರ್ಸ್‌ಗಳ ದುಡಿಮೆಯ ಗಂಟೆಗಳನ್ನೂ ಖರ್ಚಿನ ಬಾಬ್ತಿನಲ್ಲಿ ಬರೆಯಬೇಕು.