ಮ್ಯಾಂಚೆಸ್ಟರಿನ ಮಗಳು, ಹೆಗ್ಗೋಡಿನ ಜುಬ್ಬ

ದಾವಣಗೆರೆಯಲ್ಲಿ ಬೆಳೆದವರಿಗೆಲ್ಲ ಒಂದು ಬಾಯಿಪಾಠ ಇರುತ್ತೆ: ನಮ್ಮೂರು ಕರ್ನಾಟಕದ ಮ್ಯಾಂಚೆಸ್ಟರ್. ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದರೂ ನಾವು ಆ ಬಿರುದು ಬಿಟ್ಟುಕೊಟ್ಟಿಲ್ಲ. (ಹೊರಗಿನವರಿಗೆ ಬೆಣ್ಣೆದೋಸೆ ಊರು ಅಂದ್ರೇನೇ ಗೊತ್ತಾಗೋದು, ಆ ಮಾತು ಬೇರೆ.) ಅಸಲಿ ಮ್ಯಾಂಚೆಸ್ಟರ್ ಕಡೆಯ ಮಿಲ್ ಕಾರ್ಮಿಕರ ಮಕ್ಕಳು ಏನಾದರು ಅಂತ ಓದುತ್ತಾ ಹೋದಾಗ ಸಿಕ್ಕಿದವಳು ವಿವಿಯನ್ ವೆಸ್ಟ್‌ವುಡ್.

ಹುಟ್ಟಿದ್ದು 1941ರಲ್ಲಿ, ಮ್ಯಾಂಚೆಸ್ಟರಿನ ಮಗ್ಗುಲ ಹಳ್ಳಿಯಲ್ಲಿ. ತಾಯಿ ಹತ್ತಿ ಮಿಲ್ಲಿನಲ್ಲಿ ನೇಯುತ್ತಿದ್ದವಳು. ವಿವಿಯನ್ ಪ್ರೈಮರಿ ಶಾಲೆಯ ಟೀಚರು. ಮಾಲ್ಕಂ ಮೆಕ್ಲಾರೆನ್ ಅನ್ನೋ ತಲೆಹರಟೆಯ ಜೊತೆ 1971ರಲ್ಲಿ ಲಂಡನ್ನಿನ ಕಿಂಗ್ಸ್ ರೋಡ್‌ನಲ್ಲಿ ಅಂಗಡಿ ಶುರು ಮಾಡಿದಳು. ಹಳೇ ಬಟ್ಟೆಯ ಹೊಲಿಗೆ ಬಿಚ್ಚಿ ಬಿಚ್ಚಿಯೇ ಕಟಿಂಗ್ ಕಲಿತಳು. ಹರಿದ ಅಂಗಿ, ಸೇಫ್ಟಿ ಪಿನ್ನು, ಚೈನು... ಮೆಕ್ಲಾರೆನ್ ನಡೆಸುತ್ತಿದ್ದ ಸೆಕ್ಸ್ ಪಿಸ್ಟಲ್ಸ್ ತಂಡ ಅದನ್ನು ಹಾಕಿಕೊಂಡು ಕುಣಿದ ಮೇಲೆ ಅದೇ ಪಂಕ್ ಆಯಿತು. ಮುಂದೆ ಅವರ ಬಟ್ಟೆಯ ಲೇಬಲ್ ಮೇಲೆ ಇಬ್ಬರ ಹೆಸರೂ ಬಂತು. ನಮ್ಮ ಹರಿಹರೇಶ್ವರನ ಹಾಗೆ ಅರ್ಧ ಅವನು, ಅರ್ಧ ಇವಳು. ಆದರೆ ಹೊಲಿಗೆ ಮಿಷನ್ ಮುಂದೆ ಕೂತಿದ್ದು ಮಾತ್ರ ಇವಳೇ.

ಆ ಜೋಡಿ ಒಡೆಯಿತು. ನನಗೆ ಹೆಚ್ಚು ಇಷ್ಟವಾಗೋದು ಆಮೇಲಿನ ವಿವಿಯನ್. 1987ರಲ್ಲಿ ಆಕೆ ಹ್ಯಾರಿಸ್ ಟ್ವೀಡ್ ಹಿಡಿದಳು. ಸ್ಕಾಟ್ಲೆಂಡಿನ ದ್ವೀಪಗಳ ನೇಕಾರರು ತಂತಮ್ಮ ಮನೆಯಲ್ಲೇ, ಕಾಲಲ್ಲಿ ತುಳಿಯೋ ಮಗ್ಗದಲ್ಲಿ ನೇಯುವ ಉಣ್ಣೆ ಬಟ್ಟೆ ಅದು. ಮುದುಕರ ಕೋಟಿನ ಬಟ್ಟೆ ಅಂತ ಜನ ಮೂಗು ಮುರಿಯುತ್ತಿದ್ದುದನ್ನು ಫ್ಯಾಷನ್ ಶೋಗೆ ತಂದಳು. ಮಿಲ್ಲಿನ ಮಗಳು ಮನೆಮಗ್ಗದವರ ಪಾಲುದಾರಳಾದಳು.

ನಮ್ಮಲ್ಲಿ ಇದಕ್ಕೆ ಹತ್ತಿರದ ಕಥೆ ಯಾವುದು ಅಂದರೆ ನನಗೆ ಹೊಳೆಯೋದು ಚರಕ. ರಂಗನಿರ್ದೇಶಕ ಪ್ರಸನ್ನ ಫ್ಯಾಷನ್ ಡಿಸೈನರ್ ಅಲ್ಲ, ಹಾಗಂದರೆ ಬೈದಾರು! 70ರ ದಶಕದಲ್ಲಿ 'ಸಮುದಾಯ' ಕಟ್ಟಿ ಬೀದಿಗಿಳಿದವರು, 90ರ ದಶಕದಲ್ಲಿ ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ಭೀಮನಕೋಣೆಯ ಹೆಣ್ಣುಮಕ್ಕಳ ಜೊತೆ ಜುಬ್ಬ ಹೊಲಿಸಲು ಕೂತರು. 1996ರ ಹೊತ್ತಿಗೆ ಅದು ಮಹಿಳೆಯರದೇ ಸಹಕಾರ ಸಂಘವಾಯಿತು. ಮಾರೋದಕ್ಕೆ 'ದೇಸಿ' ಅಂಗಡಿಗಳು. ಕೈಮಗ್ಗದ ಬಟ್ಟೆ, ಗಿಡಮರದ ಬಣ್ಣ. ನಮ್ಮ ಚನ್ನಗಿರಿ ಕಡೆಯವರಿಗೆ ಗೊತ್ತು, ಅಡಿಕೆ ಬೇಯಿಸಿದ ಚೊಗರು ಪಂಚೆಗೆ ತಾಗಿದರೆ ಜಪ್ಪಯ್ಯ ಅಂದರೂ ಹೋಗಲ್ಲ. ಅಮ್ಮಂದಿರು ಶಪಿಸುತ್ತಿದ್ದ ಆ ಕಲೆಯೇ ಚರಕದಲ್ಲಿ ಬಣ್ಣವಾಯಿತು. ವಿವಿಯನ್ ಬಟ್ಟೆ ಹರಿದು ಬಂಡಾಯ ಮಾಡಿದಳು, ಇವರು ಮಿಲ್ಲಿನ ಬಟ್ಟೆಯನ್ನೇ ಬೇಡ ಅಂದರು. ಹರಿಹರದಲ್ಲಿ ಹೊಳೆ ದಾಟಿದರೆ ಕುಮಾರಪಟ್ಟಣಂನಲ್ಲಿ ಮರದ ತಿರುಳಿನಿಂದ ಎಳೆ ತೆಗೆಯೋ ಕಾರ್ಖಾನೆ ನೋಡಿಕೊಂಡು ಬೆಳೆದ ನನ್ನಂಥವನಿಗೆ ಇದು ಸಣ್ಣ ಮಾತೇನಲ್ಲ.

2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಕ್ಕೆ ತೆರಿಗೆ ಬೇಡ ಅಂತ ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. 2020ರ ಕೊರೋನಾ ಕಾಲದಲ್ಲಿ ಮಾಲು ಮಾರಾಟವಾಗದೆ ಚರಕ ಕೈಚೆಲ್ಲುವ ಸ್ಥಿತಿಗೆ ಬಂತು. ಸಾಕಷ್ಟು ಜನ ಮರುಗಿದರು, ಪತ್ರಿಕೆಗಳಲ್ಲಿ ಬರೆದರು.

ಇಲ್ಲಿ ನನ್ನದೊಂದು ತಕರಾರಿದೆ. ವಿವಿಯನ್‌ಳ ಬಟ್ಟೆ ನೋಡಿದವರಿಗೆ ಬೇಕು ಅನ್ನಿಸುತ್ತಿತ್ತು, ನೇಯ್ದವರ ಕಷ್ಟ ತಿಳಿಯದಿದ್ದರೂ. ಚರಕದ ಜುಬ್ಬ ಕೊಳ್ಳುವಾಗ ನಾವು ಒಂದಿಷ್ಟು ಪುಣ್ಯವನ್ನೂ ಸೇರಿಸಿ ಕೊಳ್ಳುತ್ತೇವೆ. ಪುಣ್ಯಕ್ಕೆ ವರ್ಷಕ್ಕೊಂದು ಜುಬ್ಬ ಸಾಕು. ಮಗ್ಗದ ಮುಂದೆ ಕೂತ ಹೆಂಗಸಿಗೆ ಮಾತ್ರ ತಿಂಗಳು ತಿಂಗಳೂ ಕೂಲಿ ಬೇಕು. ಕಾಲೇಜು ಹುಡುಗರು ಹಠ ಮಾಡಿ ಕೇಳುವಂಥ ಅಂಗಿಯನ್ನೂ ಅಲ್ಲಿ ಹೊಲಿಸಬಹುದಿತ್ತಲ್ಲ ಅಂತ ಅನ್ನಿಸುತ್ತೆ. ಪ್ರಸನ್ನ ಒಪ್ಪಲಾರರೇನೋ, ಸರಳ ಬದುಕಿನ ಮಾತಾಡುವವರಿಗೆ ಆಸೆ ಹುಟ್ಟಿಸೋದು ಮುಜುಗರದ ಕೆಲಸ.

ವಿವಿಯನ್ 2022ರ ಡಿಸೆಂಬರ್ 29ರಂದು ತೀರಿಕೊಂಡಳು. ಆ ಸುದ್ದಿ ಓದಿದಾಗ ನಾನು ಹಾಕಿಕೊಂಡಿದ್ದು ಚೊಗರು ಬಣ್ಣದ ಜುಬ್ಬ. ಬೆಲೆ ಜಾಸ್ತಿಯಾಯ್ತು ಅಂತ ಗೊಣಗಿಕೊಂಡೇ ತಂದಿದ್ದು. ಕಾಲರ್ ಸ್ವಲ್ಪ ಸವೆದಿದೆ, ಬಣ್ಣ ಇನ್ನೂ ಹೋಗಿಲ್ಲ.