‘ತಾಯಿ-ಮಗು ಆರೋಗ್ಯದಲ್ಲಿ ಮಾಸ್ಟರ್ಸ್’ ಎಂದರೆ ಹೆರಿಗೆ ಡಾಕ್ಟರಾ? ಆ ಓದು ಕಲಿಸುವುದೇನು?

ಗರ್ಭಿಣಿ, ಬಾಣಂತಿಯರಿಗೆ ಸಲಹೆ ಕೊಡುವ ವಾಟ್ಸಾಪ್ ಮೆಸೇಜುಗಳ ಕೊನೆಯಲ್ಲಿ ಈಗೀಗ ಹೆಸರಿನ ಜೊತೆ ಪದವಿಯೂ ಇರುತ್ತದೆ. ‘ಎಂಪಿಎಚ್, ತಾಯಿ-ಮಗು ಆರೋಗ್ಯ’ ಎಂದು ಕಂಡರೆ ಸಾಕು, ಯಾರೋ ದೊಡ್ಡ ಡಾಕ್ಟರೇ ಹೇಳಿದ್ದಾರೆ ಎಂದುಕೊಂಡು ನಾವು ಮುಂದಕ್ಕೆ ಕಳಿಸಿಬಿಡುತ್ತೇವೆ. ಹಾಗಾದರೆ ಈ ಪದವಿ ಪಡೆದವರು ಹೆರಿಗೆ ಮಾಡಿಸಬಹುದೇ? ಔಷಧಿ ಬರೆದುಕೊಡಬಹುದೇ?

ಸಂಕ್ಷಿಪ್ತ ಉತ್ತರ: ಆ ಪದವಿಯೊಂದರ ಬಲದಿಂದ ಸಾಧ್ಯವಿಲ್ಲ. ಹಾಗಂತ ಅದು ಕೆಲಸಕ್ಕೆ ಬಾರದ ಓದೂ ಅಲ್ಲ.

ಯಾವ ಪದವಿ ಯಾವುದಕ್ಕೆ?

ಹೆರಿಗೆ ಡಾಕ್ಟರ್ ಆಗಲು ಮೊದಲು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್ ಮುಗಿಸಬೇಕು. ಆಮೇಲೆ ಪ್ರಸೂತಿ ಮತ್ತು ಸ್ತ್ರೀರೋಗ ವಿಭಾಗದಲ್ಲಿ 3 ವರ್ಷದ ಎಂಡಿ, ಎಂಎಸ್ ಅಥವಾ ಡಿಎನ್‌ಬಿ. ಮಕ್ಕಳ ಡಾಕ್ಟರ ದಾರಿಯೂ ಹೀಗೆಯೇ. ಬೋರ್ಡುಗಳಲ್ಲಿ ಕಾಣುವ ಡಿಜಿಒ, ಡಿಸಿಎಚ್ ಎಂಬವು ಎಂಬಿಬಿಎಸ್ ನಂತರ ಮಾಡುವ 2 ವರ್ಷದ ಡಿಪ್ಲೊಮಾಗಳು. ಇವರೆಲ್ಲರೂ ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆ ಕೊಡಲು ತರಬೇತಾದವರು.

ಎಂಪಿಎಚ್ ಎಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ. ನಮ್ಮಲ್ಲಿ ಸಾಮಾನ್ಯವಾಗಿ 2 ವರ್ಷ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಇದು 1997ರಲ್ಲಿ ಶುರುವಾಯಿತು, ಆಮೇಲೆ ಬೇರೆ ಕಡೆಗಳಿಗೂ ಹಬ್ಬಿತು. ಈ ಓದಿಗೆ ಎಂಬಿಬಿಎಸ್ ಆದವರು ಬರುತ್ತಾರೆ, ನರ್ಸಿಂಗ್, ದಂತವೈದ್ಯ, ಆಯುರ್ವೇದ ಓದಿದವರೂ ಬರುತ್ತಾರೆ. ಹಲವು ಕಡೆ ಸಮಾಜಕಾರ್ಯ ಓದಿದವರಿಗೂ ಅವಕಾಶವಿದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಎಂಪಿಎಚ್‌ನೊಳಗೇ ತಾಯಿ-ಮಗು ಆರೋಗ್ಯವನ್ನು ವಿಶೇಷ ವಿಷಯವಾಗಿ ಓದಬಹುದು. ಅಲ್ಲಿಯೂ ಅದು ವೈದ್ಯಕೀಯ ಲೈಸೆನ್ಸ್ ಅಲ್ಲ.

ಇವೆರಡರ ನಡುವೆ ಇನ್ನೊಂದು ದಾರಿಯಿದೆ. 2018ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯಂತೆ, ನೋಂದಾಯಿತ ನರ್ಸ್‌ಗಳು 18 ತಿಂಗಳ ತರಬೇತಿ ಪಡೆದು ‘ನರ್ಸ್ ಪ್ರಾಕ್ಟೀಷನರ್ ಇನ್ ಮಿಡ್‌ವೈಫರಿ’ ಆಗಬಹುದು. ತೊಡಕಿಲ್ಲದ ಸಹಜ ಹೆರಿಗೆಗಳನ್ನು ಆಸ್ಪತ್ರೆಯಲ್ಲಿ ಇವರೇ ನೋಡಿಕೊಳ್ಳುತ್ತಾರೆ.

‘ನಮ್ಮಜ್ಜಿ ಎಂಟು ಹೆತ್ತಳು, ಏನಾಯ್ತು?’

ಹೆರಿಗೆಯನ್ನೇ ಮಾಡಿಸದವರು ಎರಡು ವರ್ಷ ಕೂತು ಏನು ಓದುತ್ತಾರೆ? ಮುಖ್ಯವಾಗಿ, ಎಣಿಸುವುದನ್ನು. ‘ನಮ್ಮಜ್ಜಿ ಎಂಟು ಮಕ್ಕಳನ್ನು ಮನೆಯಲ್ಲೇ ಹೆತ್ತಳು, ಆಸ್ಪತ್ರೆ ಯಾಕೆ ಬೇಕು’ ಎಂಬ ಫಾರ್ವರ್ಡ್ ನಮಗೆಲ್ಲ ಬಂದಿರುತ್ತದೆ. ಈ ಓದು ಮುಗಿಸಿದವರು ಅದಕ್ಕೆ ಹೀಗೆ ಲೆಕ್ಕ ಹಾಕುತ್ತಾರೆ.

1946ರ ಭೋರ್ ಸಮಿತಿ ವರದಿಯ ಅಂದಾಜಿನಂತೆ, ಆಗ ಭಾರತದಲ್ಲಿ ಪ್ರತಿ 1,000 ಜೀವಂತ ಜನನಕ್ಕೆ ಸುಮಾರು 20 ತಾಯಂದಿರು ಸಾಯುತ್ತಿದ್ದರು. ಅಂದರೆ 50 ಹೆರಿಗೆಗೆ ಒಬ್ಬರು. ಪ್ರತಿ ಹೆರಿಗೆಯಲ್ಲೂ ಅಪಾಯ ಅಷ್ಟೇ ಎಂದಿಟ್ಟುಕೊಂಡರೆ, ಎಂಟು ಸಲ ಬಸುರಾದ ಹೆಂಗಸರಲ್ಲಿ ಹೆಚ್ಚುಕಡಿಮೆ ಏಳಕ್ಕೆ ಒಬ್ಬರು ಉಳಿಯುತ್ತಿರಲಿಲ್ಲ. ಉಳಿದ ಆರು ಜನ ಅಜ್ಜಿಯರಾದರು, ಅವರ ಕಥೆ ನಮಗೆ ಗೊತ್ತು. ಏಳನೆಯವಳ ಕಥೆ ಹೇಳಲು ಯಾರಿದ್ದಾರೆ? ಹೆರಿಗೆಯನ್ನು ‘ಹೆಣ್ಣಿಗೆ ಮರುಜನ್ಮ’ ಎಂದು ನಮ್ಮ ಹಿರಿಯರು ಸುಮ್ಮನೆ ಕರೆಯಲಿಲ್ಲ.

ಈಗಿನ ಲೆಕ್ಕ ಒಂದು ಲಕ್ಷ ಜೀವಂತ ಜನನಕ್ಕೆ ಇಷ್ಟು ಎಂದು. ಮಾದರಿ ನೋಂದಣಿ ವ್ಯವಸ್ಥೆಯ 2018-20ರ ಅಂಕಿಯಂತೆ ಭಾರತದಲ್ಲಿ 97, ಕರ್ನಾಟಕದಲ್ಲಿ 69. ಭೋರ್ ಸಮಿತಿಯ ಅಂದಾಜನ್ನು ಇದೇ ಅಳತೆಗೆ ತಂದರೆ 2,000 ಆಗುತ್ತದೆ. ಕರ್ನಾಟಕದ 69 ಎಂದು ಖುಷಿಪಡುವ ಮುನ್ನ ಪಕ್ಕದ ಕೇರಳವನ್ನೂ ನೋಡಬೇಕು. ಅಲ್ಲಿ 19.

ಮನೆ ಹೆರಿಗೆಯ ಪರ ವಾದಿಸುವವರು ಪಾವಗಡದ ಪದ್ಮಶ್ರೀ ಸೂಲಗಿತ್ತಿ ನರಸಮ್ಮನವರ ಹೆಸರು ಹೇಳುವುದುಂಟು. ಸಾವಿರಾರು ಹೆರಿಗೆ ಮಾಡಿಸಿದ ಅವರ ಕೈಗುಣಕ್ಕೆ ನಮ್ಮದೂ ನಮಸ್ಕಾರ. ಆದರೆ ಹೆರಿಗೆಯಾದ ಮೇಲೆ ವಿಪರೀತ ರಕ್ತಸ್ರಾವವಾದರೆ ಸುಮಾರು ಎರಡು ಗಂಟೆಯೊಳಗೆ ಪ್ರಾಣ ಹೋಗಬಹುದು. ಆಗ ಬೇಕಾಗುವುದು ಔಷಧಿ, ಬಾಟಲಿಯಲ್ಲಿ ರಕ್ತ, ಕೆಲವೊಮ್ಮೆ ಆಪರೇಷನ್ ಥಿಯೇಟರ್. ಎಂಥ ನುರಿತ ಕೈಯಾದರೂ ಇವನ್ನು ಮನೆಯಲ್ಲಿ ಒದಗಿಸಲಾರದು.

ಮೂರು ತಡಗಳು

ಈ ಓದಿನ ತರಗತಿಗಳಲ್ಲಿ ತಪ್ಪದೆ ಬರುವ ಪಾಠ ಒಂದಿದೆ. 1994ರಲ್ಲಿ ಸೆರೀನ್ ಥ್ಯಾಡಿಯಸ್ ಮತ್ತು ಡೆಬೊರಾ ಮೇನ್ ಎಂಬ ಸಂಶೋಧಕಿಯರು, ತಾಯಿಯ ಸಾವಿನ ಹಿಂದೆ ಮೂರು ಬಗೆಯ ತಡ ಇರುತ್ತದೆ ಎಂದು ಬರೆದರು. ಮೊದಲನೆಯದು ಮನೆಯಲ್ಲಿ: ‘ಬೆಳಗಾಗಲಿ ನೋಡೋಣ’, ‘ಅವರ ಅಪ್ಪ ಬರಲಿ’. ಎರಡನೆಯದು ದಾರಿಯಲ್ಲಿ: ಗಾಡಿ ಸಿಗಲಿಲ್ಲ, ಹಳ್ಳ ತುಂಬಿತ್ತು. ಮೂರನೆಯದು ಆಸ್ಪತ್ರೆಯೊಳಗೆ: ಡಾಕ್ಟರ್ ಇಲ್ಲ, ರಕ್ತ ಇಲ್ಲ, ಜಿಲ್ಲಾಸ್ಪತ್ರೆಗೆ ಹೋಗಿ.

ಮರಣ ಪ್ರಮಾಣಪತ್ರದಲ್ಲಿ ‘ರಕ್ತಸ್ರಾವ’ ಎಂದಷ್ಟೇ ಇರುತ್ತದೆ. ಯಾವ ತಡದಿಂದ ಆಕೆ ಸತ್ತಳು ಎಂದು ಹುಡುಕಿ, ಆ ತಾಲ್ಲೂಕಿಗೆ ಬೇಕಿರುವುದು ಆಂಬುಲೆನ್ಸೋ, ರಕ್ತ ಸಂಗ್ರಹ ಘಟಕವೋ ಎಂದು ಹೇಳುವುದು ಸಾರ್ವಜನಿಕ ಆರೋಗ್ಯ ಓದಿದವರ ಕೆಲಸ. ತಾಯಿ ಕಾರ್ಡಿನಲ್ಲಿ ಬರೆಯುವ ಬಿಪಿ, ತೂಕಗಳ ಲೆಕ್ಕವೂ ಕೊನೆಗೆ ಇಂಥವರ ಮೇಜಿಗೇ ಹೋಗುತ್ತದೆ. ಅಮೆರಿಕದಿಂದ ಬಂದ ಪದವಿಗಿಂತ ಈ ಕೆಲಸ ಮಾಡಿದ ಅನುಭವಕ್ಕೆ ನಾವು ಹೆಚ್ಚು ಬೆಲೆ ಕೊಡುತ್ತೇವೆ.

ಹಾಗಾಗಿ ‘ನಮ್ಮ ಜಿಲ್ಲೆಯಲ್ಲಿ ಬಾಣಂತಿಯರ ಸಾವು ಯಾಕೆ ಹೆಚ್ಚು’ ಎಂಬ ಪ್ರಶ್ನೆಗೆ ಎಂಪಿಎಚ್ ಓದಿದವರ ಮಾತು ಕೇಳಿ. ‘ನನ್ನ ಬಿಪಿ ಮಾತ್ರೆ ನಿಲ್ಲಿಸಲಾ’ ಎಂಬುದನ್ನು ನಿಮ್ಮನ್ನು ನೋಡುತ್ತಿರುವ ಡಾಕ್ಟರನ್ನೇ ಕೇಳಬೇಕು.

ಪರಿಶೀಲಿಸುವುದು ಹೇಗೆ?

ಸಲಹೆ ಕೊಟ್ಟವರು ವೈದ್ಯರು ಎಂದಿದ್ದರೆ ಅವರಿಗೆ ನೋಂದಣಿ ಸಂಖ್ಯೆ ಇರಲೇಬೇಕು. ಔಷಧಿ ಚೀಟಿಯಲ್ಲಿ ಅದನ್ನು ನಮೂದಿಸುವುದು ನಿಯಮ. ಕರ್ನಾಟಕ ವೈದ್ಯಕೀಯ ಪರಿಷತ್ತಿನ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ‘ಬರ್ತ್ ಕೋಚ್’, ‘ಸರ್ಟಿಫೈಡ್ ಪ್ರೆಗ್ನೆನ್ಸಿ ಎಕ್ಸ್‌ಪರ್ಟ್’ ಎಂಬಂಥ ಬಿರುದುಗಳಿಗೆ ಈ ಪಟ್ಟಿಗಳಲ್ಲಿ ಜಾಗವಿಲ್ಲ.

ಆದರೆ ಗರ್ಭಿಣಿಗೆ ರಕ್ತ ಹೋಗುತ್ತಿದ್ದರೆ, ಫಿಟ್ಸ್ ಬಂದರೆ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮಗುವಿನ ಅಲುಗಾಟ ಕಡಿಮೆಯಾದರೆ ಹುಡುಕುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.