ಮಾಳಿಗೆಯ ತಂಪು

ಹಳೇ ಬಾಗಲಕೋಟೆಯ ಮನೆಗಳಿಗೆ ಮಾಳಿಗೆಯೆಂದರೆ ಇನ್ನೊಂದು ಪಡಸಾಲೆಯಿದ್ದಂತೆ. ತೊಲೆ, ಜಂತಿ, ಅದರ ಮೇಲೆ ದಪ್ಪನೆಯ ಮಣ್ಣು. ಹಗಲು ಅಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ ಒಣಗುತ್ತಿದ್ದವು. ಬೇಸಿಗೆಯ ರಾತ್ರಿ ಅಲ್ಲೇ ನಮ್ಮ ಹಾಸಿಗೆ. ಸಂಜೆ ನೀರು ಚಿಮುಕಿಸಿ ಜಮಖಾನೆ ಹಾಸಿದರೆ ಹೆಂಗಸರ ಹರಟೆ ಶುರು. ನಡುರಾತ್ರಿ ದಾಟಿತೆಂದರೆ, ಮೇ ತಿಂಗಳಲ್ಲೂ, ಕಾಲ ಬುಡದ ಕೌದಿಯನ್ನು ಕೈ ತಾನಾಗಿ ಎಳೆದುಕೊಳ್ಳುತ್ತಿತ್ತು. ಅಂಗಳದ ಬೇವಿನ ಗಿಡದ ಕೆಳಗೆ ಮಲಗಿದವರಿಗೆ ಮಾತ್ರ ಆ ಭಾಗ್ಯವಿಲ್ಲ. "ಮ್ಯಾಲ ಗಾಳಿ ಇರ್ತದವಾ" ಎನ್ನುತ್ತಿದ್ದಳು ನಮ್ಮಜ್ಜಿ. ಗಾಳಿಯೂ ಹೌದು. ಆದರೆ ಎಲೆ ಅಲುಗದ ರಾತ್ರಿಯೂ ತಂಪಾಗುತ್ತಿತ್ತಲ್ಲ!

ಈ ಒಗಟನ್ನು ಬಿಡಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ಒಂದು ಹಲಗೆಯನ್ನು ನೆಲದಿಂದ ಎತ್ತರಿಸಿ, ಅದರ ಮೇಲೊಂದು ಕೆಳಗೊಂದು ಸಮತೂಕದ ಉಣ್ಣೆಯ ಉಂಡೆ ಇಟ್ಟು ರಾತ್ರಿ ಬಿಟ್ಟರು. ಮೇಲಿನ ಉಣ್ಣೆಯೇ ಹೆಚ್ಚು ಇಬ್ಬನಿ ಹೀರಿ ಭಾರವಾಗಿತ್ತು. 1814ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಬರೆದರು. ನಾವು ಇಬ್ಬನಿ 'ಬಿತ್ತು' ಅನ್ನುತ್ತೇವೆ. ಅದು ಬೀಳುವುದೇ ಇಲ್ಲ. ಬಯಲಿಗೆ ಮುಖ ಮಾಡಿದ ವಸ್ತು ಕಣ್ಣಿಗೆ ಕಾಣದ ಕಿರಣಗಳಾಗಿ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಗಾಳಿಗಿಂತ ತಣ್ಣಗಾಗುತ್ತದೆ. ಆಮೇಲೆ ಅದರ ಮೇಲೆ ಹನಿ ಕೂಡುತ್ತದೆ. ಗಿಡವೋ ಚಪ್ಪರವೋ ಅಡ್ಡ ಬಂದರೆ ಶಾಖ ಮರಳಿ ಬರುತ್ತದೆ. ಮೋಡವೆಂದರೆ ಭೂಮಿಗೆ ಹೊದಿಸಿದ ಕೌದಿ.

ನಮ್ಮ ದೇಶದವರು ಪುಸ್ತಕಕ್ಕೆ ಮೊದಲೇ ಇದನ್ನು ಕೈಯಿಂದ ಬಲ್ಲವರು. ಅಲಹಾಬಾದಿನಲ್ಲಿ ಚಳಿಗಾಲದ ರಾತ್ರಿ ಮಂಜುಗಡ್ಡೆ ಮಾಡುತ್ತಿದ್ದ ಬಗೆಯನ್ನು ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ 1775ರಲ್ಲಿ ವರ್ಣಿಸಿದ್ದಾನೆ. ಬಯಲಲ್ಲಿ ಗುಂಡಿ ತೋಡಿ, ನೆಲದ ಬಿಸಿ ತಾಗದಂತೆ ಒಣಗಿದ ಕಬ್ಬು, ಜೋಳದ ದಂಟು ಹಾಸಿ, ಮೇಲೆ ಮಣ್ಣಿನ ತಟ್ಟೆಗಳಲ್ಲಿ ಕಾಯಿಸಿ ಆರಿಸಿದ ನೀರಿಡುವುದು. ನೀರು ಆವಿಯಾಗುವುದರ ಪಾಲೂ ಅದರಲ್ಲಿತ್ತು; ಉಳಿದದ್ದು ಆಕಾಶದ ಕೆಲಸ.

ನಮ್ಮ ಆಕಾಶ ನಮ್ಮ ತಲೆಯ ಮೇಲೇ ಇದೆ, ಮಾಳಿಗೆ ಮಾತ್ರ ಹೋಯಿತು. 1964ರಲ್ಲಿ ಆಲಮಟ್ಟಿ ಅಣೆಕಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. ಮುಂದೆ ಹಿನ್ನೀರು ಊರಿಗೇ ಬಂದಾಗ ನವನಗರ ಎದ್ದಿತು. ಅದರ ಯೋಜನೆಯಲ್ಲಿ ಕೆಲಸ ಮಾಡಿದ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ, ಬಿಸಿ ನಾಡಿನ ಮನೆಗೆ ಆಕಾಶಕ್ಕೆ ತೆರೆದ ಜಾಗವೂ ಒಂದು ಕೋಣೆಯೇ ಎಂದು ಜೀವನವಿಡೀ ಸಾರಿದವರು. ನಮ್ಮ ಓಣಿಯವರು ಬಾಗಿಲು, ತೊಲೆ, ಒರಳುಕಲ್ಲು ಎಲ್ಲ ಹೇರಿಕೊಂಡು ಬಂದರು. ಮಾಳಿಗೆಯನ್ನು ಹೇರುವುದು ಹೇಗೆ?

ಮಣ್ಣಿನ ದಪ್ಪದಲ್ಲಿ ಬಿಸಿಲು ನಿಧಾನವಾಗಿ ಇಳಿಯುತ್ತಿತ್ತು. ನಾಲ್ಕೈದು ಇಂಚಿನ ಸ್ಲ್ಯಾಬು ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಗೇ ಕೋಣೆಯೊಳಗೆ ಉಗುಳುತ್ತದೆ. ಅದರ ಮೇಲೆ ಈಗ ತಗಡು ಹೊದಿಸುವವರಿದ್ದಾರೆ. ಹಗಲಿಗೆ ನೆರಳೇನೋ ಆಯಿತು. ರಾತ್ರಿ ಸ್ಲ್ಯಾಬಿಗೂ ಆಕಾಶಕ್ಕೂ ನಡುವೆ ಗೋಡೆ ಎದ್ದಿತು.

2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಶ್ವತ್ ರಾಮನ್ ಮತ್ತು ಸಂಗಡಿಗರು ಒಂದು ಹೊಸ ಪದರ ತಯಾರಿಸಿದರು. ಅದು ಶೇಕಡಾ 97ರಷ್ಟು ಬಿಸಿಲನ್ನು ಹಿಂದಕ್ಕಟ್ಟಿ, ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು, ಸುಡುಬಿಸಿಲಲ್ಲೇ ಸುತ್ತಲ ಗಾಳಿಗಿಂತ ಸುಮಾರು 5 ಡಿಗ್ರಿ ತಣ್ಣಗಿತ್ತು, ಕರೆಂಟಿಲ್ಲದೆ! ಅಷ್ಟಲ್ಲದಿದ್ದರೂ ಅದೇ ದಾರಿಯ ಬಡ ನೆಂಟ ನಮ್ಮ ಸುಣ್ಣ. ಬಿಳಿ ಸುಣ್ಣ ಹಗಲು ಬಿಸಿಲನ್ನು ತಿರುಗಿಸುತ್ತದೆ, ರಾತ್ರಿ ಶಾಖವನ್ನು ಧಾರಾಳವಾಗಿ ಬಿಡುತ್ತದೆ. ಹೊಳೆಯುವ ತಗಡಿಗೆ ಆ ಧಾರಾಳತನವಿಲ್ಲ.

ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಎತ್ತರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ತೀರ್ಪು ಕೊಟ್ಟಿತು. ನೀರು ಏರಿದರೆ ಇನ್ನಷ್ಟು ಮನೆಗಳು ಹೊಸದಾಗಿ ಕಟ್ಟಬೇಕಾದಾವು. ನಕ್ಷೆ ಮುಂದೆ ಬಂದಾಗ ಅಡಿಗೆಮನೆ ಎಲ್ಲಿ, ದೇವರ ಜಗಲಿ ಎಲ್ಲಿ ಎಂದು ಕೇಳುವುದು ನಮಗೆ ಗೊತ್ತು. ಮೇಲೆ ಹೋಗಲು ಮೆಟ್ಟಿಲು ಎಲ್ಲಿ ಎಂಬುದನ್ನೂ ಕೇಳೋಣ.